ಒಂದೂ ಮಗು ಅಳಲಿಲ್ಲ

ಏಪ್ರಿಲ್ 8, ಮಂಗಳವಾರ

ನಮ್ಮ ಟ್ರಸ್ಟಿನ ಬಸವಂತರಾಯ ನಮ್ಮ ಮಕ್ಕಳಿಗೆ ಫ್ಲೂ ಲಸಿಕೆ ಹಾಕಿಸಲಿಲ್ಲ. ಹಾಕಿಸಿದ ಹಾಗೆ ಫೋಟೋ ತೆಗೆಸಿದ. ಮೊದಲು ಇದನ್ನು ಬರೆದಿಡುತ್ತೇನೆ, ಊಟ ಆಮೇಲೆ.

ಘಾಟ್ಕೋಪರ್‌ನ ಕನ್ನಡ ಶಾಲೆ, ಊರು ಬಿಟ್ಟು ಬಂದ ಕೂಲಿಯವರ ಮಕ್ಕಳು. ಐದರಿಂದ ಏಳನೇ ಕ್ಲಾಸ್. ಟ್ರಸ್ಟಿನ ಕ್ಯಾಂಪ್‌ಗಳ ಪ್ಲಾನ್ ಎಲ್ಲ ನನ್ನದೇ — ಯಾವ ಕ್ಲಾಸ್ ಮೊದಲು, ಯಾವ ಬಾಗಿಲಿಂದ ಒಳಗೆ, ಸೂಜಿ ಆದಮೇಲೆ ಅರ್ಧ ಗಂಟೆ ಎಲ್ಲಿ ಕೂರಿಸಬೇಕು. ತಲೆ ಸುತ್ತಿದವರಿಗೆಂದು ಬೆಂಚು ಜೋಡಿಸಿ ಚಾದರ ಹಾಸಿದ್ದೆ. ಯಾರೂ ಮಲಗಲಿಲ್ಲ. ಕೂರುವ ಕೋಣೆ ನನ್ನ ಪಾಲು, ಸೂಜಿ ಕೋಣೆ ನರ್ಸ್ ರೂಪಾಲಿಯದು. ನಡುವೆ ಪರದೆ. ಮಕ್ಕಳು ಒಬ್ಬೊಬ್ಬರೇ ಪರದೆ ಸರಿಸಿ ಬಂದರು, ತೋಳಿನ ಮೇಲೆ ಗುಂಡನೆಯ ಪಟ್ಟಿ, ಬಾಯಿತುಂಬ ನಗು. ಇಷ್ಟು ಶಾಲೆ ಮಾಡಿದ್ದೇನೆ, ಅಳು ಇಲ್ಲದ ಕ್ಯಾಂಪ್ ನೋಡಿಲ್ಲ.

ಸಾಮಾನು ಕಟ್ಟುವಾಗ ಬಳಸಿದ ಸೂಜಿ ಹಾಕುವ ಡಬ್ಬಿ ಎತ್ತಿದೆ. ಹಗುರ. ಅಲ್ಲಾಡಿಸಿದೆ. ಸದ್ದಿಲ್ಲ. ಲಸಿಕೆಯ ನೀಲಿ ಪೆಟ್ಟಿಗೆ ನೋಡಿದೆ. ಬೆಳಿಗ್ಗೆ ನಾನು ಅಂಟಿಸಿದ ಟೇಪ್ ಹಾಗೇ ಇತ್ತು.

ಸ್ಪಿರಿಟ್ ಒರೆಸಿ ಪಟ್ಟಿ ಅಂಟಿಸಿದ್ದಾಳೆ. ಅಷ್ಟೇ. ರೂಪಾಲಿ ನನ್ನ ಮುಖ ನೋಡಲಿಲ್ಲ. "ಸಾಬ್ ನೇ ಜಿತ್ನಾ ಬೋಲಾ ಉತ್ನಾ ಕಿಯಾ. ಮುಝೆ ಮತ್ ಪೂಛ್, ಶಿವು."

ಸಾಹೇಬರು ಹೇಳಿದಷ್ಟೇ ಮಾಡಿದ್ದಾಳಂತೆ. ಅವಳನ್ನು ಪೂಛುವುದಿಲ್ಲ. ಬಸವಂತರಾಯನನ್ನೇ ಕೇಳುತ್ತೇನೆ.

ಏಪ್ರಿಲ್ 9, ಬುಧವಾರ

ಮುಲುಂಡ್. ಬಸವಂತರಾಯನ ಬಟ್ಟೆ ಅಂಗಡಿ. ಟ್ರಸ್ಟಿನ ಅಧ್ಯಕ್ಷರು ಗಾದಿಯ ಮೇಲೆ ಕೂತು ಸೀರೆ ಮಡಚಿಸುತ್ತಿದ್ದರು. ವಿಜಯಪುರದವನು. ಪ್ರತಿ ಭಾಷಣದಲ್ಲೂ — ನಮ್ಮ ಮಂದಿ, ನಮ್ಮ ಮಕ್ಕಳು.

"ಬಾ ತಂಗಿ, ಚಾ ಕುಡಿ. ಫೋಟೋ ನೋಡಿದೇನು? ಮಸ್ತ ಬಂದಾವ."

"ಕಾಕಾ, ಸೂಜಿ ಯಾಕ ಹಾಕಿಸಲಿಲ್ಲ?"

ಸೀರೆಯ ಅಂಚು ಸರಿ ಮಾಡಿದ. ಅವಸರವಿಲ್ಲ. "ಕಂಪನಿಯವರು ಕೊಟ್ಟಿದ್ದ ಕಡಿಮಿ. ಇಲ್ಲಿ ನಮ್ಮ ಸೊಸೈಟಿ ಸಾಲಿಗೆ ಬೇಕಾಗ್ಯಾವ. ಈ ಮಕ್ಕಳು ಎ.ಸಿ.ಯೊಳಗ ಬೆಳದಾವ, ನಾಜೂಕ. ನಿಮ್ಮ ಹುಡುಗ್ರು ಗಟ್ಟಿ. ಪರೀಕ್ಷಾ ಮುಗೀತಂದ್ರ ಊರಿಗೆ ಹೋಗ್ತಾವ, ಖುಲ್ಲಾ ಹವಾ. ಅವಕ್ಕೆಂಥಾ ಫ್ಲೂ?"

"ಡೋಸ್ ಬಂದಿದ್ದು ಕನ್ನಡ ಸಾಲಿ ಹೆಸರಿಗೆ."

"ಒಂದರ ಕೂಸು ಅತ್ತಿತೇನು? ಇಲ್ಲ. ಮತ್ತ ನೀ ಯಾಕ ಅಳ್ತಿ?"

ಅಂಗಡಿಯ ಆಳುಗಳು ನಕ್ಕರು. ನಾನು ಚಹಾ ಕುಡಿಯಲಿಲ್ಲ.

ಹಿಂದೊಮ್ಮೆ ಸ್ಟೇಷನ್ನಿನಲ್ಲಿ ಯಾರೋ ಹಂಚಿದ ಕರಪತ್ರ ಚೀಲದಲ್ಲೇ ಇದೆ. ಲೋಕಲ್‌ನಲ್ಲಿ ನಿಂತೇ ಮತ್ತೆ ಓದಿದೆ — 'ದಾನಿಯ ಕೈ ಮೇಲಿದ್ದರೆ, ನಿನ್ನ ಕೈಯನ್ನು ಯಾರೋ ಕೆಳಗೆ ಒತ್ತಿ ಹಿಡಿದಿದ್ದಾರೆ.' ಆಗ ಚಂದದ ಮಾತೆಂದು ಗೆರೆ ಎಳೆದಿದ್ದೆ. ಇಂದು ಒತ್ತಿದ ಕೈಯನ್ನೇ ನೋಡಿ ಬಂದೆ. ಬೆರಳಿಗೆ ಉಂಗುರ ಇತ್ತು.

ಬಿಡುವುದಿಲ್ಲ ಅವನನ್ನು.

ಏಪ್ರಿಲ್ 10, ಗುರುವಾರ

ಬೆಳಿಗ್ಗೆ ಕೂಲಿಯವರು ಸೇರುವ ಚೌಕಕ್ಕೆ, ನಾಕಾಕ್ಕೆ, ಹೋದೆ. ಕೂಲಿಗೆ ಕರೆಯುವವರ ದಾರಿ ನೋಡುತ್ತ ತಾಯಂದಿರೆಲ್ಲ ಬುಟ್ಟಿ ಹಿಡಿದು ನಿಂತಿದ್ದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ನಂಬಲಿಲ್ಲ!

ಚನ್ನಿಯ ತಾಯಿ ಸುಂದ್ರವ್ವ ನನಗೇ ಬುದ್ಧಿ ಹೇಳಿದಳು. "ಹಂಗ ಅನಬ್ಯಾಡ ಶಿವು. ಆ ನರ್ಸಬಾಯಿ ಕೈ ಭಾಳ ಮೆದು ಐತಿ. ನಮ್ಮ ಚನ್ನಿ ನೂಸಲೇ ಇಲ್ಲ, ನೋವ ಇಲ್ಲ ಅಂದ್ಲು. ಜ್ವರಾನೂ ಬರಲಿಲ್ಲ. ಸೂಜಿ ಹಾಕ್ಯಾರಂತ ನಾ ಎರಡ ದಿನ ಜಳಕಾ ಸುದ್ದಾ ಮಾಡಿಸಿಲ್ಲ."

"ಅಕ್ಕಾ, ನೂಸಲಿಲ್ಲ ಅಂದ್ರ ಚುಚ್ಚಿಲ್ಲ."

"ನಿನಗ ದೊಡ್ಡೋರ ಮ್ಯಾಲ ಯಾವಾಗಲೂ ಸಿಟ್ಟು. ಆ ಕಾಗದಾ ಓದಿ ಓದಿ ಹಿಂಗಾಗಿ." ಸುತ್ತಲಿನವರು ನಕ್ಕರು. "ನಾ ಆಕಿಗೆ ಹೋಳಿಗಿ ಒಯ್ದು ಕೊಡಬೇಕಂತ ಮಾಡೀನಿ."

ಹೋಳಿಗೆ!

ಚನ್ನಿ ಆರನೇ ಕ್ಲಾಸ್. ಉಬ್ಬಸದ ಹುಡುಗಿ. ಹೋದ ಮಳೆಗಾಲದಲ್ಲಿ ಫ್ಲೂ ಬಂದು ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿ ಮಲಗಿಸಿದ್ದರು. ಈ ಸೂಜಿ ಬೇರೆ ಯಾರಿಗಿಂತ ಅವಳಿಗೆ ಬೇಕು. ಈಗ ಅವಳ ತಾಯಿ ನಿಶ್ಚಿಂತೆಯಿಂದ ಇದ್ದಾಳೆ. ಲಸಿಕೆ ಕದ್ದದ್ದಕ್ಕಿಂತ ಈ ನಿಶ್ಚಿಂತೆ ಕೊಟ್ಟದ್ದು ದೊಡ್ಡ ಅಪರಾಧ.

ಸಂಜೆ. ಅವನ ಸೊಸೈಟಿಯ ಮುಲುಂಡ್ ಶಾಲೆಯ ಪಾಲಕರ ಗ್ರೂಪ್‌ನಲ್ಲಿ ನಾನೂ ಇದ್ದೇನೆ, ಅಲ್ಲಿಯ ಕ್ಯಾಂಪ್ ಪ್ಲಾನೂ ನನ್ನದೇ, ಇದೇ 19ಕ್ಕೆ. ಟೈಪ್ ಮಾಡಿದೆ — 'ಈ ಲಸಿಕೆ ಕೆಟ್ಟಿದೆ, ಹಾಕಿಸಬೇಡಿ.' ಒಂದು ಬೆರಳು ಒತ್ತಿದರೆ ಅವನ ಸಮಾರಂಭ ಮಣ್ಣು. ಬೆರಳು ಅಲ್ಲೇ ಇಟ್ಟುಕೊಂಡು ಕೂತೆ... ಈ ಸುದ್ದಿ ನಾಕಾಕ್ಕೂ ಬರುತ್ತದೆ. ಆಮೇಲೆ ಚನ್ನಿಗೆ ಯಾರು ಸೂಜಿ ಹಾಕಿಸುತ್ತಾರೆ?

ಅಳಿಸಿದೆ. ದಯೆಯಿಂದಲ್ಲ.

ಏಪ್ರಿಲ್ 15, ಮಂಗಳವಾರ

ಬರೆಯಲು ಆಗಿರಲಿಲ್ಲ. ಭಾನುವಾರ ಚನ್ನಿಗೆ ಉಬ್ಬಸ ಎದ್ದಿತು. ಪಕ್ಕದ ಬಿಲ್ಡಿಂಗ್ ಒಡೆಯುತ್ತಿದ್ದಾರೆ, ಚಾಳಿನ ತುಂಬ ಧೂಳು. ಸರಕಾರಿ ಆಸ್ಪತ್ರೆಗೆ ರಿಕ್ಷಾದಲ್ಲಿ ಹೋದೆವು, ಅವಳ ಎದೆ ಶಿಳ್ಳೆ ಹಾಕುತ್ತಿತ್ತು.

ಡಾಕ್ಟರ್ ಚಿಕ್ಕ ವಯಸ್ಸಿನವಳು. ಫ್ಲೂ ಸೂಜಿ ಹಾಕಿಸಿದೆಯೇ ಎಂದು ಕೇಳಿದಳು, "ಫ್ಲೂ ಕಾ ಟೀಕಾ ಲಗಾ ಹೈ?"

"ಹಾಂ, ಲಗಾ!" ಸುಂದ್ರವ್ವನ ದನಿಯಲ್ಲಿ ಎಂಥ ಹೆಮ್ಮೆ.

ನಾನು ಹೇಳಿದೆ, "ನಹೀಂ ಲಗಾ."

ಸುಂದ್ರವ್ವ ನನ್ನ ಕಡೆ ತಿರುಗಿದಳು. ಮಗಳು ಮಾಸ್ಕ್‌ನೊಳಗೆ ಉಸಿರು ಎಳೆಯುವ ಹೊತ್ತಿನಲ್ಲಿ ಯಾರೂ ಹಠಕ್ಕೆ ಸುಳ್ಳು ಹೇಳುವುದಿಲ್ಲ. ಅದು ಅವಳಿಗೆ ಗೊತ್ತು.

ಉಬ್ಬಸ ಇಳಿಯಿತು. ಜ್ವರ ಇಲ್ಲ. ನಾಲ್ಕೈದು ದಿನ ಬಿಟ್ಟು ಹಾಕಿಸಬಹುದು, ಮಳೆಗೆ ಮೊದಲು ಹಾಕಿಸಲೇಬೇಕು, ತಮ್ಮಲ್ಲಿ ಆ ಲಸಿಕೆ ಇಲ್ಲ ಎಂದಳು ಡಾಕ್ಟರ್. ಈ ಭಾನುವಾರ ನಾಕಾದವರೆಲ್ಲ ಮಕ್ಕಳ ಜೊತೆ ಊರಿನ ಗಾಡಿ ಹತ್ತುತ್ತಾರೆ. ತಿರುಗಿ ಬರುವುದು ಮಳೆಯ ಜೊತೆಗೇ.

ಹೊರಗೆ ಮೆಟ್ಟಿಲ ಮೇಲೆ ಸುಂದ್ರವ್ವ ಕೂತಳು. ಆಮೇಲೆ —

"ಬರೇ ಪಟ್ಟಿ ಹಚ್ಚಿ ಕಳಿಸ್ಯಾನ? ನನ್ನ ಕೂಸಿಗೆ?"

"ಹೂಂ."

"ಮುಲುಂಡದಾಗ ಎಂದ ಐತಿ?"

ಏಪ್ರಿಲ್ 16, ಬುಧವಾರ

ಇಂದು ನಾಕಾದಲ್ಲಿ ಸುಂದ್ರವ್ವನೇ ಮಾತಾಡಿದಳು. ನಾನು ಬರೀ ನಿಂತಿದ್ದೆ. ನನ್ನ ಮಾತಿಗೆ ನಕ್ಕವರು ಅವಳ ಮಾತಿಗೆ ಬುಟ್ಟಿ ಕೆಳಗಿಟ್ಟರು. ಶನಿವಾರದ ಕೂಲಿ ಬಿಟ್ಟು ಬರುತ್ತಾರೆ, ಎಲ್ಲರೂ.

ನನ್ನ ಪ್ಲಾನ್ ಹೇಳಿದೆ. ನಮ್ಮ ಮಕ್ಕಳ ಡೋಸ್ ನಮ್ಮ ಮಕ್ಕಳಿಗೆ. ಸೊಸೈಟಿ ಮಕ್ಕಳ ತೋಳಿಗೆ ಸ್ಪಿರಿಟ್, ಗುಂಡು ಪಟ್ಟಿ, ಬಿಸ್ಕಿಟ್. ಅವರೂ ಮನೆಗೆ ಹೋಗಿ ನೂಸಲಿಲ್ಲ ಅಂತ ಹೇಳಲಿ. ಬಸವಂತರಾಯನ ಮೊಮ್ಮಗನೂ ಅದೇ ಶಾಲೆ, ಅವನಿಗೆ ನಾನೇ ಅಂಟಿಸುತ್ತೇನೆ.

ಸುಂದ್ರವ್ವ ನನ್ನನ್ನೇ ನೋಡಿದಳು. "ಆ ಕೂಸುಗೋಳು ಏನ ಮಾಡ್ಯಾವ ನಿನಗ? ಹಂಗ ಮಾಡಿದ್ರ ಅಂವ ಬ್ಯಾರೆ, ನೀ ಬ್ಯಾರೆ? ಸೂಜಿ ಇಲ್ಲ ಅಂತ ಅವರ ತಾಯಂದ್ರಿಗೆ ಬಾಯಿಲೆ ಹೇಳು. ಅವರಿಗೆ ರೊಕ್ಕ ಐತಿ, ಕೊಂಡ ಹಾಕಿಸ್ತಾರ. ಮದಲ ಸೂಜಿ. ಆಮ್ಯಾಲ ಅವನ ಮಾರಿ ಮಂದಿಗೆ ತೋರಸೂದು."

"ಮಾರಿ ಮದಲ."

"ಮಾರಿ ಎಲ್ಲಿ ಓಡಿ ಹೋಗ್ತೈತಿ? ಸೂಜಿ ಓಡಿ ಹೋಗ್ತೈತಿ."

ಯಾವ ಕರಪತ್ರದಲ್ಲೂ ಇದಿಲ್ಲ. ಒಪ್ಪಿಕೊಂಡೆ, ಹಲ್ಲು ಕಚ್ಚಿ. ಪಟ್ಟಿ ಮಾತ್ರ ಬಿಡಲಿಲ್ಲ. ನಮ್ಮ ಮಕ್ಕಳ ಎಡತೋಳಿಗೆ ಅದೇ ಗುಂಡು ಪಟ್ಟಿ ಇರಬೇಕು, ಅವನ ಫೋಟೋದಲ್ಲಿ ಇದ್ದ ಹಾಗೇ. ಸಮಾರಂಭಕ್ಕೆ ಬಂದ ಪೇಪರಿನವರು ಕೇಳುತ್ತಾರೆ, ಪಟ್ಟಿ ಆಗಲೇ ಇದೆ, ಮತ್ತೆ ಯಾಕೆ ಬಂದಿರಿ? ಆಗ ಚನ್ನಿ ಹೇಳುತ್ತಾಳೆ.

ಏಪ್ರಿಲ್ 17, ಗುರುವಾರ

ರೂಪಾಲಿಗೆ ಫೋನ್. ಚನ್ನಿಯ ಉಬ್ಬಸದ ಸುದ್ದಿ ಹೇಳಿದೆ. ಕೊನೆಗೆ, ಸಾಲಿನಲ್ಲಿ ಮೊದಲು ನಿಂತವರಿಗೆ ಮೊದಲು, ನಿಜವಾಗಿಯೇ ಚುಚ್ಚುತ್ತೇನೆ ಎಂದಳು, "ಲೈನ್ ಮೇ ಜೋ ಪಹಲೇ, ಉಸ್ಕೋ ಪಹಲೇ. ಸಚ್ ಮೇ ದೂಂಗಿ." ಯಾರಾದರೂ ಕೇಳಿದರೆ ಸುಳ್ಳು ಹೇಳುವುದಿಲ್ಲ ಎಂದಳು. ಕೇಳುವವಳು ನಾನೇ. ಮುಲುಂಡ್ ಶಾಲೆಯ ಪ್ರಿನ್ಸಿಪಾಲ್ ಮುಂದೆ, ದೊಡ್ಡ ದನಿಯಲ್ಲಿ.

ಯಾರು ಎಷ್ಟು ಗಂಟೆಗೆ ಎಂದು ಗೇಟಿನವನಿಗೆ ಹೇಳುವುದು ನನ್ನ ಕೆಲಸ. ಹೇಳಿದೆ. ಎಂಟಕ್ಕೆ ಮೊದಲ ತಂಡ, ತಾಯಂದಿರ ಜೊತೆ, ಒಳಗೆ ಬಿಡು. ಆ ತಂಡ ನಮ್ಮದೆಂದು ಹೇಳಲಿಲ್ಲ. ಎಂಟೂವರೆಗೆ ಅವನ ಮೊಮ್ಮಗನ ಕ್ಲಾಸ್. ಹುಡುಗ ಚನ್ನಿಯ ಹಿಂದೆ ನಿಲ್ಲಲಿ.

ಸಂಜೆ ಬಸವಂತರಾಯನದೇ ಫೋನ್. ಜೇನಿನಂಥ ದನಿ.

"ಎಲ್ಲಾ ತಯಾರ ಐತೇನ ತಂಗಿ? ಪೇಪರಿನವರು ಬರ್ತಾರ. ಕೂಸುಗೋಳು ಅಳಬಾರದು ನೋಡ, ಫೋಟೋ ಕೆಡ್ತಾವ."

"ಅಳ್ತಾವ ಕಾಕಾ," ಅಂದೆ. "ಈ ಸಲ ಖರೇನ ಅಳ್ತಾವ."

ನಕ್ಕ. ಜೋಕ್ ಅಂದುಕೊಂಡ.

ಏಪ್ರಿಲ್ 18, ಶುಕ್ರವಾರ

ರಜೆ. ಪಟ್ಟಿ ತಂದೆ. ಚನ್ನಿ ಗಾಳಿ ತುಂಬಿದ ಬಲೂನಿನ ಹಾಗೆ ಓಡಾಡುತ್ತಿದ್ದಾಳೆ, ಎದೆಯಲ್ಲಿ ಶಿಳ್ಳೆ ಇಲ್ಲ. "ಅಕ್ಕಾ, ನೂಸ್ತೈತೇನು?" ಎಂದು ಕೇಳಿದಳು. ನೂಸುತ್ತದೆ ಎಂದೆ. "ಅಳಬಹುದು?" ಎಂದಳು. ಎಷ್ಟು ಬೇಕಾದರೂ ಅಳು ಎಂದೆ. ಜೋರಾಗಿ ಅಳು.

ಸುಂದ್ರವ್ವ ಹೋಳಿಗೆ ಮಾಡುತ್ತಾಳಂತೆ. ಸೂಜಿ ಆದಮೇಲೆ ಕೊಡುವುದಂತೆ, ಮೊದಲು ಅಲ್ಲ.

ಎಲ್ಲರಿಗೂ ಮೆಸೇಜ್ ಹೋಗಿದೆ. ಫೋನ್ ಇಲ್ಲದವರಿಗೆ ಬಾಗಿಲಿಗೇ ಹೋಗಿ ಹೇಳಿ ಬಂದೆ. ಎಡತೋಳಿಗೆ ಪಟ್ಟಿ, ಬಲತೋಳು ಸೂಜಿಗೆ ಖಾಲಿ. ನಾಳೆ, ಶನಿವಾರ, ಬೆಳಿಗ್ಗೆ ಏಳು ಗಂಟೆಗೆ, ಘಾಟ್ಕೋಪರ್ ಸ್ಟೇಷನ್, ಟಿಕೆಟ್ ಖಿಡಕಿ ಮುಂದೆ.