ಆರು ಕೈಯ ಕ್ರೋಮಿಯಂ

ಭಾನುವಾರ, ಮಾರ್ಚ್ ಎಂಟು

ಮುದ್ದಿನ ಪುಟ್ಟಿಗೆ,

ಅಪ್ಪನ ಆಶೀರ್ವಾದ. ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ರಜೆ ಮುಗಿಯುತ್ತಿದೆ, ಮಗುವನ್ನು ನೋಡಿಕೊಳ್ಳಲು ಬಾ ಎಂದು ನೀನು ಫೋನ್ ಮಾಡಿ ಕರೆದೆ. ನಾನು ಸೊಂಟನೋವಿನ ನೆಪ ಹೇಳಿ ಫೋನ್ ಇಟ್ಟೆ. "ನಿನಗೆ ಮೊಮ್ಮಗ ಬೇಡವಾ ಅಪ್ಪಾ?" ಎಂದು ಬರೆದಿದ್ದೀಯ. ಸೊಂಟ ಗಟ್ಟಿಯಾಗಿಯೇ ಇದೆ ಮಗಳೇ, ಕೆಟ್ಟಿರುವುದು ಮೂಗು.

ನಲ್ಲಿಗಳಿಗೆ ಮೆರುಗು ಕೊಡುವ ನಮ್ಮ ಕಾರ್ಖಾನೆಯ ತೊಟ್ಟಿಯ ಕಿತ್ತಳೆ ನೀರು ನೋಡಿ ಚಿಕ್ಕವಳಿದ್ದಾಗ "ಶರಬತ್ತಾ?" ಅಂದಿದ್ದೆ. ಅದು ಕ್ರೋಮಿಯಂ. ನಮ್ಮ ಕೆಮಿಸ್ಟ್ ಹೇಳುವ ಪ್ರಕಾರ, ಅಲ್ಲಿ ಅದಕ್ಕೆ ಆರು ಕೈ, ಆರೂ ಖಾಲಿ; ಸಿಕ್ಕಿದ್ದರಿಂದೆಲ್ಲ ಎಲೆಕ್ಟ್ರಾನ್ ಕಿತ್ತುಕೊಳ್ಳುವ ಹಪಾಹಪಿ. ಮೂರು ತುಂಬಿದರೆ ಹಸಿರಾಗಿ ತಣ್ಣಗಾಗುತ್ತದೆ. ಕರೆಂಟು ಹರಿಸಿ ಆರನ್ನೂ ತುಂಬಿದರೆ ನಲ್ಲಿಯ ಮೇಲೆ ಫಳಫಳ ಅಂಟಿಕೊಂಡು, ಗಾಳಿಯ ಆಮ್ಲಜನಕದ ಕೈಹಿಡಿದು ತೆಳ್ಳನೆ ಹೊದಿಕೆ ಮಾಡಿಕೊಂಡು, ತುಕ್ಕನ್ನು ಹತ್ತಿರ ಸೇರಿಸುವುದಿಲ್ಲ. ಹೊದಿಕೆ ಗೀಚಿದರೆ ತಾನೇ ಮತ್ತೆ ಹೊದ್ದುಕೊಳ್ಳುತ್ತದೆ. ಆದರೆ ತೊಟ್ಟಿಯಿಂದ ಏಳುವ ಹನಿಗಳಲ್ಲಿ ಆರು ಕೈಯೂ ಖಾಲಿಯೇ. ಇಷ್ಟು ವರ್ಷ ಅದು ನನ್ನ ಮೂಗಿನೊಳಗೆ ಕೈ ಹಾಕಿ, ನಡುಗೋಡೆಗೆ ತೂತು ಕೊರೆದಿದೆ. "ಬಾರಯ್ಯಾ, ನತ್ತು ಹಾಕಿಸೋಣ" ಎಂದು ಜೊತೆಯವರು ನಗುತ್ತಾರೆ. ಅವರಲ್ಲೂ ಇಬ್ಬರಿಗೆ ತೂತಿದೆ.

ನೀನು ಕರೆಯುವ ಹಿಂದಿನ ವಾರ ಹಾಲು ಉಕ್ಕಿ ಒಲೆ ಆರಿತ್ತು. ನಾನು ಪಕ್ಕದ ಕೋಣೆಯಲ್ಲಿ ಹಾಯಾಗಿ ಪೇಪರ್ ಓದುತ್ತಿದ್ದೆ. ಆಸ್ಪತ್ರೆ ಡ್ಯೂಟಿ ಮುಗಿಸಿ ಬಂದ ನಿಮ್ಮಮ್ಮ ಓಡಿಹೋಗಿ ಕಿಟಕಿ ತೆರೆದಳು. "ಮನೆಯೆಲ್ಲಾ ಗ್ಯಾಸು, ನಿಮಗೇನು ಮೂಗಿಲ್ವೇನ್ರೀ?" ಎಂದು ಬೈಯುತ್ತಿದ್ದವಳು ನನ್ನ ಮುಖ ನೋಡಿ, ಕಾಫಿಪುಡಿ ಡಬ್ಬ ತಂದು ನನ್ನ ಮೂಗಿಗೆ ಹಿಡಿದಳು. ನನಗೆ ವಾಸನೆ ಬರುವುದಿಲ್ಲ ಎಂದು ಅವಳಿಗೂ ಗೊತ್ತಾದದ್ದು ಅವತ್ತೇ.

ನಿನ್ನ ಮನೆಯಲ್ಲಿ ಹೀಗಾಗಿ, ಮಗು ಮಲಗಿದ್ದಿದ್ದರೆ? ಅವನನ್ನು ನನ್ನೊಬ್ಬನ ಕೈಗೆ ಒಪ್ಪಿಸಬೇಡ. ನೀವು ಯಾರಾದರೂ ಮನೆಯಲ್ಲಿರುವ ದಿನ ಹೇಳು, ಎದ್ದೆನೋ ಬಿದ್ದೆನೋ ಅಂತ ಬರುತ್ತೇನೆ. ಅಳಿಯಂದಿರಿಗೆ ಕೇಳಿದೆನೆಂದು ಹೇಳು. ತಾಯಿ ಮಗು ತಣ್ಣಗಿರಿ.

ಇಂತಿ ನಿನ್ನ,
ಅಪ್ಪ

ತಾ.ಕ.: ಇನ್ನೊಂದು ಮಾತು, ಇದನ್ನು ನಿಮ್ಮಮ್ಮನಿಗೂ ಹೇಳಿಲ್ಲ. ಹೋದ ಸಲ ನೀನು ಮಗುವಿಗೆ ನೀರು ಹಾಕಿ ನನ್ನ ತೊಡೆಯ ಮೇಲೆ ಮಲಗಿಸಿ, "ನೆತ್ತಿ ಮೂಸಿ ನೋಡಪ್ಪಾ, ನಾನೂ ಹೀಗೇ ಇದ್ನಾ?" ಎಂದು ಕೇಳಿದೆ. "ಥೇಟ್ ನಿನ್ನ ಹಾಗೇ" ಅಂದೆ ನಾನು. ನನಗೆ ಏನೂ ಬಂದಿರಲಿಲ್ಲ ಪುಟ್ಟಿ. ನಿನ್ನ ನೆತ್ತಿಯ ವಾಸನೆ ಇನ್ನೂ ನೆನಪಿದೆ. ಅವನದು ಹೇಗಿದೆ, ಬರೆದು ತಿಳಿಸು.