ಕಕ್ಕ ಬಾರದ ಕರಡಿಮರಿಯನ್ನು ವಾಪಸು ಕೊಡಿ

ಮಕ್ಕಳ ಪುಸ್ತಕ ಪರಿಶೀಲನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಎರಡು ವರ್ಷದ ಹಿಂದೆ ತಾವು ಒಂದು ಸುತ್ತೋಲೆ ಹೊರಡಿಸಿ ಗ್ರಂಥಾಲಯಗಳಿಂದಲೂ ಶಾಲೆಗಳಿಂದಲೂ ನಲವತ್ತಮೂರು ಚಿತ್ರಪುಸ್ತಕಗಳನ್ನು ತೆಗೆಸಿಹಾಕಿದಿರಿ. ಅದರಲ್ಲಿ ಒಂದು ಕರಡಿಮರಿಯ ಪುಸ್ತಕ. ಮೂರು ದಿನದಿಂದ ಕಕ್ಕ ಬಾರದ ಕರಡಿಮರಿ. ಆ ಪುಸ್ತಕವನ್ನು ವಾಪಸು ಕೊಡಿ. ಬರುವ ಸೋಮವಾರದೊಳಗೆ ಕೊಡಿ. ನಾನು ಕೇಳುವುದು ಇಷ್ಟೇ. ಆದರೆ ಕಾರಣ ಲಗತ್ತಿಸದ ಅರ್ಜಿಯನ್ನು ತಮ್ಮ ಕಚೇರಿಯಲ್ಲಿ ಯಾರೂ ಬೆರಳಿನಿಂದಲೂ ಮುಟ್ಟುವುದಿಲ್ಲವಂತೆ, ಆದ್ದರಿಂದ ಕಾರಣವನ್ನೂ ಬರೆಯುತ್ತೇನೆ. ಟಪಾಲಿನಲ್ಲಿ ಕಳಿಸಿದ ಮೂರು ಕಾಗದಗಳಿಗೆ ಉತ್ತರ ಬಾರದ್ದರಿಂದ ಪತ್ರಿಕೆಯಲ್ಲಿ, ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ತಪ್ಪೊಪ್ಪಿಗೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಾನು ಹೆಗಲು ಮುಟ್ಟಿಕೊಳ್ಳುವುದಿಲ್ಲ, ಕಾಯಿಯನ್ನೇ ಹೊತ್ತು ತಂದು ತಮ್ಮ ಮೇಜಿನ ಮೇಲೆ ಇಡುತ್ತಿದ್ದೇನೆ. ಆ ಪುಸ್ತಕದ ವಿರುದ್ಧ ತಮಗೆ ದೂರು ಬರೆದವನು ನಾನೇ.

ಮೂವತ್ತಮೂರು ವರ್ಷದಿಂದ ಗ್ರಂಥಾಲಯದ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ನನ್ನದು. ಓದುವ ಕೋಣೆಯ ಹಿಂದೆ, ಸೈಕಲ್ ನಿಲ್ಲಿಸುವ ಜಾಗಕ್ಕೆ ಕಿಟಕಿ ತೆರೆಯುವ ಒಂದು ಸಣ್ಣ ಕೋಣೆ. ಅಂಟಿನ ಪಾತ್ರೆ, ತಿರುಪಿನ ಒತ್ತುಯಂತ್ರ, ಮೇಣ ಹಚ್ಚಿದ ದಾರ, ನಾನು. ಮಕ್ಕಳು ಯಾವ ಪುಸ್ತಕ ಓದುತ್ತಾರೆಂದು ತಿಳಿಯಲು ತಮ್ಮ ಸಮಿತಿ ಸಮೀಕ್ಷೆ ಮಾಡಿಸುತ್ತದೆ ಎಂದು ಕೇಳಿದ್ದೇನೆ. ನನ್ನನ್ನು ಕೇಳಿದ್ದರೆ ಸಾಕಿತ್ತು. ಮಕ್ಕಳು ಓದಿದ ಪುಸ್ತಕ ಮೈಕೈ ಮುರಿದುಕೊಂಡು ನನ್ನ ಹತ್ತಿರ ಬರುತ್ತದೆ. ನಡತೆ ಕಲಿಸುವ ಪುಸ್ತಕಗಳು ಬರುವುದೇ ಇಲ್ಲ, ಅವುಗಳ ಆರೋಗ್ಯ ಯಾವಾಗಲೂ ಚೆನ್ನಾಗಿರುತ್ತದೆ. ಕರಡಿಮರಿಯ ಪುಸ್ತಕ ಮಾತ್ರ ಒಂದೇ ವರ್ಷದಲ್ಲಿ ಐದು ಸಲ ಬಂತು.

ಐದನೆಯ ಸಲ ಅದನ್ನು ತೆರೆದು ನೋಡಿದೆ. ಕರಡಿಮರಿಯ ಹೊಟ್ಟೆ ಕಟ್ಟಿಕೊಂಡಿದೆ. ಅಮ್ಮನ ಹತ್ತಿರ ಹೋಗಿ ಹೇಳುತ್ತದೆ. ಅಮ್ಮ ಕೊಕ್ಕರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ಸಾಲಿನಲ್ಲಿ ಕೂತ ಪ್ರಾಣಿಗಳಿಗೆಲ್ಲ ಕೊಕ್ಕರೆ ಕೇಳುವುದು ಒಂದೇ ಪ್ರಶ್ನೆ: ಯಾವ ಬಣ್ಣ? ಗಟ್ಟಿಯೋ, ನೀರೋ? ಆನೆ, ಮೊಲ, ಕಪ್ಪೆ ಎಲ್ಲವೂ ಒಂದಿಷ್ಟೂ ನಾಚಿಕೆಯಿಲ್ಲದೆ ಕೂಗಿ ಉತ್ತರ ಹೇಳುತ್ತವೆ. ಕೊನೆಯ ಎರಡು ಪುಟದ ತುಂಬ 'ಪುರ್ರ್, ಪುಸ್, ಢಂ!' ಎಂದು ದಪ್ಪ ಅಕ್ಷರ. ಕಾಡೆಲ್ಲ ಚಪ್ಪಾಳೆ. ಇಷ್ಟು ಕತೆ. ಭಾಷೆಯ ಬಗ್ಗೆ ಅಭಿಮಾನವಿರುವ ನನ್ನಂಥವನಿಗೆ ಮೈ ಉರಿಯಿತು.

ಅಂಟು ಒಣಗಲೆಂದು ಪುಸ್ತಕವನ್ನು ಆ ಶನಿವಾರ ಮನೆಗೆ ತಂದಿದ್ದೆ. ಮಗಳು, ಅಳಿಯ, ಮೊಮ್ಮಗಳು, ನಾನು, ನಾಲ್ಕೇ ಜನರ ಮನೆ. ಮೊಮ್ಮಗಳಿಗೆ ಆಗ ನಾಲ್ಕು ವರ್ಷ. ಎದ್ದಾಗಿನಿಂದ ಮಲಗುವವರೆಗೆ ಬಾಯಿ ಮುಚ್ಚದ ಮಗುವಾದ್ದರಿಂದ ನಾವು ಅವಳನ್ನು ಬಡಬಡಿ ಎನ್ನುತ್ತೇವೆ. ನಾನು ಸ್ನಾನ ಮುಗಿಸಿ ಬರುವಾಗ ತಾಯಿ ಮಗಳು ಇಬ್ಬರೂ ಆ ಪುಸ್ತಕ ಹಿಡಿದು ನೆಲದ ಮೇಲೆ ಬಿದ್ದು ಹೊರಳಾಡಿ ನಗುತ್ತಿದ್ದರು. ಬಡಬಡಿಗೆ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿತ್ತು.

"ತಾತ, ತಾತ, ನೀನೂ ಹೂಸು ಬಿಡ್ತೀಯಾ?" ಎಂದಳು.

"ಇನ್ನೊಂದ್ಸಲ ಅಂಥ ಮಾತು ಆಡಿದ್ರೆ ನಾಲಿಗೆಗೆ ಬರೆ ಹಾಕ್ತೀನಿ" ಎಂದೆ.

"ಅಪ್ಪಾ, ಮಗು ಕಣಪ್ಪಾ, ನಗ್ಲಿ ಬಿಡು" ಎಂದಳು ಮಗಳು. ನಾನು ಬಿಡಲಿಲ್ಲ. ಪುಸ್ತಕ ಕಿತ್ತುಕೊಂಡೆ. ಬಡಬಡಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಎಷ್ಟು ಬೇಗ ಅರ್ಥ ಮಾಡಿಕೊಂಡಳು ಎಂದು ನನಗೆ ಹೆಮ್ಮೆಯಾಯಿತು, ಆ ಹೆಮ್ಮೆಗಿಷ್ಟು ಬೆಂಕಿ ಹಾಕ.

ಆಮೇಲೆ ತಮಗೆ ಬರೆದೆ. ಹನ್ನೊಂದು ಜನರ ಸಹಿ ಹಾಕಿಸಿದೆ. ಮಾನ್ಯರೇ, ನಮ್ಮ ಗ್ರಂಥಾಲಯದ ಸೂರು ಸೋರುತ್ತದೆ ಎಂದು ಏಳು ವರ್ಷದಿಂದ ಬರೆಯುತ್ತಿದ್ದೇವೆ, ಕೆಳಗೆ ಬಕೆಟ್ಟು ಇಟ್ಟುಕೊಂಡು ಓದಬೇಕಾಗಿದೆ. ಮಕ್ಕಳ ಕೋಣೆಯಲ್ಲಿ ದೀಪವಿಲ್ಲ ಎಂದು ಬರೆದೆವು. ದೀಪ ಬರಲಿಲ್ಲ, ದೀಪದ ಅಗತ್ಯದ ಬಗ್ಗೆ ವಿವರಣೆ ಕೋರಿ ಪತ್ರ ಬಂತು. ಆದರೆ ಕರಡಿಮರಿಯ ಕಕ್ಕದ ವಿಷಯಕ್ಕೆ ಮಾತ್ರ ಹತ್ತೊಂಬತ್ತೇ ದಿನದಲ್ಲಿ ತಮ್ಮ ಆದೇಶ ಬಂತು! 'ಅಸಭ್ಯ ದೈಹಿಕ ಉಲ್ಲೇಖಗಳುಳ್ಳ' ಪುಸ್ತಕಗಳನ್ನು ತಕ್ಷಣ ಹಿಂಪಡೆಯತಕ್ಕದ್ದು, ಅಂಥವನ್ನು ತರಗತಿಯಲ್ಲಿ ಓದಿದ ಶಿಕ್ಷಕರ ಮೇಲೆ ಕ್ರಮ ಜರುಗಿಸಲಾಗುವುದು. ನನಗೆ ಬೇರೆ ಒಂದು ಕಾಗದ, ತಮ್ಮದೇ ಸಹಿ: 'ತಮ್ಮ ಸದಭಿರುಚಿ ಶ್ಲಾಘನೀಯ.' ಅದಕ್ಕೆ ಚೌಕಟ್ಟು ಹಾಕಿಸಿ ಒತ್ತುಯಂತ್ರದ ಮೇಲೆ ತೂಗುಹಾಕಿದೆ. ಇಂಥ ಮೂರ್ಖ ತಮಗೆ ಇನ್ನೊಬ್ಬ ಸಿಕ್ಕಿರಲಾರ.

ತೆಗೆದ ಪುಸ್ತಕಗಳು ಪುಟಪುಟಕ್ಕೂ 'ಮಕ್ಕಳಿಗೆ ಯೋಗ್ಯವಲ್ಲ' ಎಂಬ ಮೊಹರು ಹೊಡೆಸಿಕೊಂಡು ನನ್ನ ಕೋಣೆಗೇ ಬಂದವು. ನಮ್ಮ ಕಸುಬಿನಲ್ಲಿ ಕಾಗದ ಎಸೆಯುವ ಪದ್ಧತಿಯಿಲ್ಲ. ರದ್ದಾದ ಪುಟಗಳನ್ನು ಪಟ್ಟಿ ಕತ್ತರಿಸಿ ಬೇರೆ ಪುಸ್ತಕಗಳ ಬೆನ್ನಿಗೆ ಒಳಗಿನಿಂದ ಅಂಟಿಸುತ್ತೇವೆ, ಬೆನ್ನು ಗಟ್ಟಿಯಾಗುತ್ತದೆ. ಅದೇ ತಿಂಗಳು ತಮ್ಮ ಸಮಿತಿ ಸದ್ವರ್ತನೆಯ ಬಗ್ಗೆ ಅರವತ್ತು ಹೊಸ ಪುಸ್ತಕಗಳನ್ನು ಕಳಿಸಿತ್ತು, ಹೊಲಿಗೆ ಎಷ್ಟು ಕಳಪೆಯೆಂದರೆ ಕಪಾಟಿಗೆ ಹೋಗುವ ಮೊದಲೇ ಮತ್ತೆ ಕಟ್ಟಬೇಕಾಯಿತು. ಕರಡಿಮರಿಯನ್ನು ಕತ್ತರಿಸಿ ಅವುಗಳ ಬೆನ್ನಿಗೆ ತುಂಬಿದವನು ನಾನೇ.

ಈಗ ಕಾರಣ. ಕಳೆದ ವರ್ಷ ಬಡಬಡಿ ಸಣ್ಣಗಾಗತೊಡಗಿದಳು. ಊಟ ಸೇರುತ್ತಿರಲಿಲ್ಲ. ಬೆಳೆಯುವ ವಯಸ್ಸು ಎಂದೆ ನಾನು. ಮಗಳು ಅಳಿಯ ಇಬ್ಬರೂ ದುಡಿಯಲು ಹೋಗುವವರು, ಶಾಲೆ ಬಿಟ್ಟ ಮೇಲೆ ಮಗು ನನ್ನ ಕೋಣೆಯಲ್ಲೇ ಇರುತ್ತಿದ್ದಳು. ಆದ್ದರಿಂದ ನೋಡಬೇಕಾದವನು ನಾನು. ಗಳಿಗೆಗೊಮ್ಮೆ ಬಚ್ಚಲಿಗೆ ಹೋಗುತ್ತಿದ್ದಳು, ಬಹಳ ಹೊತ್ತು ನೀರು ಸುರಿಯುವ ಸದ್ದು ಕೇಳುತ್ತಿತ್ತು. ತನ್ನ ಒಳಚಡ್ಡಿ ತಾನೇ ಒಗೆದುಕೊಳ್ಳಲು ಶುರು ಮಾಡಿದಳು. 'ನೋಡು, ಐದು ವರ್ಷಕ್ಕೇ ಎಷ್ಟು ಶುಚಿ!' ಎಂದು ಪಕ್ಕದ ಮನೆಯವರ ಮುಂದೆ ಜಂಬ ಕೊಚ್ಚಿಕೊಂಡೆ. ಅವಳು ರಕ್ತ ತೊಳೆಯುತ್ತಿದ್ದಳು. ನಾಲ್ಕು ತಿಂಗಳು ತೊಳೆದಳು.

ಒಂದು ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು ಅಂಟಿನ ಪಾತ್ರೆಯ ಪಕ್ಕದಲ್ಲೇ ಕುಸಿದಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, "ಎಷ್ಟು ದಿನದಿಂದ ರಕ್ತ ಹೋಗ್ತಿದೆ?" ಎಂದು ಕೇಳಿದರು.

"ರಕ್ತಾನಾ? ಇಲ್ಲ ಡಾಕ್ಟ್ರೇ, ಅಂಥದ್ದೇನೂ ಇಲ್ಲ. ಇದ್ದಿದ್ರೆ ಹೇಳ್ತಿದ್ಲು, ಇವಳ ಹೊಟ್ಟೇಲಿ ಒಂದು ಮಾತೂ ನಿಲ್ಲಲ್ಲ" ಎಂದಳು ಮಗಳು.

ಮಗು ತಾಯಿಯನ್ನು ನೋಡಲಿಲ್ಲ, ಡಾಕ್ಟರನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು. ತುಟಿ ಬೆಳ್ಳಗಾಗಿತ್ತು. "ತಾತ," ಎಂದಳು, "ಕೆಟ್ಟ ಮಾತಲ್ಲಿ ಹೇಳ್ಬೇಕಾಗತ್ತೆ. ಹೇಳ್ಲಾ?"

ಮಾನ್ಯರೇ, ಅರವತ್ತೊಂದು ವರ್ಷದಲ್ಲಿ ಎಷ್ಟೋ ಮಾತು ಕೇಳಿದ್ದೇನೆ. ನೋವಿನಲ್ಲಿ ಬೆವೆತುಹೋದ ಮಗು ತನ್ನ ಕರುಳಿನ ಬಗ್ಗೆ ಮಾತಾಡಲು ಅಜ್ಜನ ಅಪ್ಪಣೆ ಕೇಳಿದ್ದನ್ನು ಕೇಳಿಯೂ ನಾನು ಇನ್ನೂ ಹೇಗೆ ಬದುಕಿದ್ದೇನೋ ಗೊತ್ತಿಲ್ಲ. "ಹೇಳು ಕಂದಾ, ಹೇಳು, ಹೇಳು" ಎಂದೆ. ಹೇಳಿದಳು. ಅಷ್ಟು ಹೊತ್ತಿಗೆ ದೊಡ್ಡ ಕರುಳು ಹುಣ್ಣಾಗಿ, ಊದಿ, ತೂತು ಬಿದ್ದಿತ್ತು. ಅದನ್ನು ತೆಗೆದುಹಾಕಿದರು. ಮೊದಲೇ ಗೊತ್ತಾಗಿದ್ದರೆ ಔಷಧದಲ್ಲೇ ಹಿಡಿತಕ್ಕೆ ಬರಬಹುದಿತ್ತು ಎಂದು ಡಾಕ್ಟರಮ್ಮ ಒಂದೇ ಸಲ ಹೇಳಿದರು, ನನ್ನ ಮುಖ ನೋಡಿ ಮತ್ತೆ ಹೇಳಲಿಲ್ಲ.

ತಮ್ಮ ಕಚೇರಿಯ ಉತ್ತರ ನನಗೆ ಗೊತ್ತು: 'ಮಗುವನ್ನು ಗದರಿಸಿದ್ದು ಅಜ್ಜ, ಸಮಿತಿಗೂ ಇದಕ್ಕೂ ಏನು ಸಂಬಂಧ?' ಸರಿಯಾದ ಪ್ರಶ್ನೆಯೇ. ನನ್ನ ಪಾಪ ನನ್ನದೇ, ಅದರಲ್ಲಿ ತಮಗೆ ಪಾಲು ಕೊಡಲು ಬಂದಿಲ್ಲ. ಆದರೆ ಒಂದು ಮನೆಯಲ್ಲಿ ಒಬ್ಬ ಅಜ್ಜ ದಡ್ಡನಾದರೆ ಮಗುವಿಗೆ ಹೋಗಲು ಬೇರೊಂದು ಕಡೆ ಇರಬೇಕಲ್ಲವೇ? ಶಾಲೆಯಲ್ಲೊಂದು ಪುಸ್ತಕ, ಗ್ರಂಥಾಲಯದಲ್ಲೊಂದು ಪುಸ್ತಕ, ಅದರಲ್ಲೊಂದು ಕೊಕ್ಕರೆ 'ಯಾವ ಬಣ್ಣ?' ಎಂದು ಕೇಳುತ್ತಾ ಕೂತಿರಬೇಕಲ್ಲವೇ? ನಾನು ಒಂದು ಬಾಯಿಗೆ ಬೀಗ ಹಾಕಿದೆ, ತಾವು ಎಲ್ಲ ಬಾಯಿಗೂ ಬೀಗ ಹಾಕಿ ಬೀಗದಕೈಯನ್ನು ಕಡತದಲ್ಲಿಟ್ಟಿರಿ. ಸಭ್ಯತೆ ಎಂದರೇನು ಎಂದು ತಾವು ಎಂದಾದರೂ ಯೋಚಿಸಿದ್ದೀರಾ? ಸಮಿತಿಯ ಸದಸ್ಯರು ಯಾರೂ ಬೆಳಿಗ್ಗೆ ಎದ್ದು ಆ ಕೋಣೆಗೆ ಹೋಗುವುದಿಲ್ಲವೇ? ಹೋಗುವುದಿಲ್ಲವಾದರೆ, ದಯವಿಟ್ಟು ಡಾಕ್ಟರಿಗೆ ತೋರಿಸಿಕೊಳ್ಳಿ.

ಈಗ ಬಡಬಡಿಯ ಹೊಟ್ಟೆಯ ಬಲಗಡೆ ಒಂದು ಸಣ್ಣ ತೂತಿದೆ, ಅದಕ್ಕೊಂದು ಚೀಲ ಅಂಟಿಸಿದ್ದಾರೆ. ಕಕ್ಕ ಅದರೊಳಗೆ ಬರುತ್ತದೆ. ಗಾಳಿಯೂ ಅಲ್ಲೇ ಬರುತ್ತದೆ, ಸದ್ದು ಮಾಡಿಕೊಂಡು ಬರುತ್ತದೆ. ಅದನ್ನು ಹಿಡಿದುಕೊಳ್ಳಲು ಆಗುವುದಿಲ್ಲ, ಬಿಗಿಹಿಡಿಯಲು ಅಲ್ಲಿ ಏನೂ ಇಲ್ಲ ಎಂದು ನರ್ಸಮ್ಮ ವಿವರಿಸಿದರು. ವಾರ್ಡಿನಲ್ಲಿ ಒಂದು ಸಲ ಸದ್ದಾದಾಗ ಪಕ್ಕದ ಹಾಸಿಗೆಯ ಮಕ್ಕಳು ಕಿಸಕ್ಕೆಂದರು. ಅವಳು ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡಳು. ಮನೆಗೆ ಬಂದ ಮೇಲೆ ಯಾರಾದರೂ ಎದುರಿಗಿದ್ದಾಗ ಸದ್ದಾದರೆ ಕೆಮ್ಮುತ್ತಾಳೆ. ಆರು ವರ್ಷದ ಮಗು ಸುಳ್ಳು ಕೆಮ್ಮು ಕಲಿತಿದ್ದಾಳೆ. ಮಾತು ಬಹಳ ಕಡಿಮೆಯಾಗಿದೆ. ಸೋಮವಾರ ಮತ್ತೆ ಶಾಲೆಗೆ ಹೋಗಬೇಕು, 'ಒಲ್ಲೆ' ಎನ್ನುತ್ತಾಳೆ. ಅಷ್ಟೇ ಹೇಳುತ್ತಾಳೆ.

ಅವಳ ತರಗತಿಯ ಟೀಚರನ್ನು ಕಂಡೆ. "ಅವಳು ಬರೋ ಮುಂಚೆ ಮಕ್ಕಳಿಗೆ ಆ ಕರಡಿ ಕತೆ ಓದಿ ತೋರಿಸಿದ್ರೆ ಚೆನ್ನಾಗಿರತ್ತೆ ಸರ್. ಸದ್ದು ಅಂದ್ರೆ ಏನೂ ಅಲ್ಲ, ಎಲ್ಲರಿಗೂ ಬರೋದೇ ಅಂತ ಒಂದ್ಸಲ ನಕ್ಕುಬಿಡ್ತಾರೆ. ಆದ್ರೆ ಸುತ್ತೋಲೆ ಇದೆಯಲ್ಲ, ನನ್ನ ಕೆಲಸಕ್ಕೆ ಕುತ್ತು ಬರತ್ತೆ" ಎಂದರು. ಯಾರೋ ದೂರು ಕೊಟ್ಟು ಮಾಡಿಸಿದ್ದಂತೆ, ಪುಣ್ಯಾತ್ಮ ಎಂದೂ ಸೇರಿಸಿದರು. ನಾನು ತಲೆ ತಗ್ಗಿಸಿ ಎದ್ದು ಬಂದೆ.

ಮರುದಿನ ನನ್ನ ಕೋಣೆಯ ಬಾಗಿಲು ಹಾಕಿಕೊಂಡು, ತಮ್ಮ ಸದ್ವರ್ತನೆಯ ಅರವತ್ತು ಪುಸ್ತಕಗಳ ಬೆನ್ನು ಸೀಳಿದೆ. ಇದು ಸರ್ಕಾರಿ ಆಸ್ತಿಗೆ ಹಾನಿ, ಕ್ರಮ ಜರುಗಿಸಬಹುದು. ಬಿಸಿನೀರಿನ ಬಟ್ಟೆ ಒತ್ತಿ ಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿದೆ. ಕರಡಿಯ ಒಂದು ಕಿವಿ, ಅರ್ಧ ಹೊಟ್ಟೆ, ಕೊಕ್ಕರೆಯ ಕಾಲು. ಮೂರು ದಿನ ಜೋಡಿಸಿದರೂ ಎಂಟು ಪುಟ ಸಿಗಲಿಲ್ಲ. ಸಿಕ್ಕಷ್ಟನ್ನು ಹೊಲಿದು ಬಡಬಡಿಯ ಮಡಿಲಲ್ಲಿಟ್ಟೆ. ಅವಳಿಗೆ ಈಗ ಓದಲು ಬರುತ್ತದೆ, ನಾನೇ ಕಲಿಸಿದ್ದು. ಚಿತ್ರದ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸಿಕೊಂಡು ಓದಿದಳು: "ಮ-ಕ್ಕ-ಳಿ-ಗೆ ಯೋ-ಗ್ಯ-ವ-ಲ್ಲ." ಪುಟ ತಿರುಗಿಸಿದಳು. ಅಲ್ಲಿಯೂ ಅದೇ. ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳಿದಳು. "ಇದು ಬೇಡ ತಾತ. ನನ್ನ ಹೊಟ್ಟೆಗೂ ಹಿಂಗೇ ಬರೀತಾರಾ?"

ತಾವೇ ಉತ್ತರ ಹೇಳಿ. ಮೊಹರು ತಮ್ಮದು.

ನಿನ್ನೆ ಸಂಜೆ ಅವಳು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ನನಗೆ ಏನೂ ತೋಚದೆ, ಮೊಣಕೈ ಮಡಿಸಿ, ಅದಕ್ಕೆ ತುಟಿ ಒತ್ತಿ ಗಾಳಿ ಊದಿದೆ. ಜೀವನದಲ್ಲಿ ಮೊದಲ ಸಲ. ಚಿಕ್ಕ ಹುಡುಗರಾಗಿದ್ದಾಗ ಗೆಳೆಯರು ಮಾಡುತ್ತಿದ್ದರು, ನಾನು ಎದ್ದುಹೋಗುತ್ತಿದ್ದೆ. ಸದ್ದು ಸರಿಯಾಗಿ ಬರಲಿಲ್ಲ. ಇನ್ನೊಂದು ಸಲ ಊದಿದೆ. ಅವಳು ತಿರುಗಿದಳು. ಬಹಳ ಹೊತ್ತು ನನ್ನನ್ನೇ ನೋಡಿ, "ಹಾಗಲ್ಲ ತಾತ. ನಂದು ಇನ್ನೂ ಜೋರಾಗಿ ಬರತ್ತೆ" ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ. ನನ್ನ ನಗು ನಿಜವೋ ಸುಳ್ಳೋ ಎಂದು ಪರೀಕ್ಷಿಸುತ್ತಿದ್ದಳು.

ಮಾನ್ಯರೇ, ಒಬ್ಬ ಮುದುಕ ನಕ್ಕರೆ ಸಾಲದು. ಅವಳ ತರಗತಿಯಲ್ಲಿ ಮೂವತ್ತೊಂದು ಮಕ್ಕಳಿದ್ದಾರೆ. ಅವರೆಲ್ಲ ಮೊದಲು ಕರಡಿಯನ್ನು ನೋಡಿ ನಕ್ಕು ದಣಿಯಲಿ, ಆಮೇಲೆ ನನ್ನ ಮೊಮ್ಮಗಳು ಒಳಗೆ ಹೋಗಲಿ. ಸುತ್ತೋಲೆಯನ್ನು ರದ್ದು ಮಾಡಿ. ಮೊಹರಿಲ್ಲದ ಒಂದು ಪ್ರತಿ ತಮ್ಮ ಉಗ್ರಾಣದಲ್ಲಿ ಇದ್ದೇ ಇರುತ್ತದೆ, ಅದನ್ನು ಆ ಟೀಚರಿಗೆ ಕಳಿಸಿ, ಓದಲು ಭಯ ಬೇಡ ಎಂದು ಒಂದು ಸಾಲು ಬರೆಯಿರಿ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಶಾಲೆ. ಅಷ್ಟರೊಳಗೆ ಬಾರದಿದ್ದರೆ ನಾನೇ ಆ ತರಗತಿಯ ಮುಂದೆ ನಿಂತು, ಹರಿದ ಪುಸ್ತಕ ಹಿಡಿದು, ಇಲ್ಲದ ಎಂಟು ಪುಟಗಳ ಸದ್ದನ್ನು ಬಾಯಿಂದ ಮಾಡುತ್ತೇನೆ. ಬಂದು ಹಿಡಿಯುವವರು ಹಿಡಿಯಲಿ, ಮಕ್ಕಳ ಮುಂದೆಯೇ ಹಿಡಿಯಲಿ.

ಇಂತಿ,
ಸದಭಿರುಚಿಗಾಗಿ ತಮ್ಮಿಂದ ಪ್ರಶಂಸೆ ಪಡೆದು,
ಹೂಸಿನ ಸದ್ದು ಮಾಡಲು ಆರು ವರ್ಷದ ಮಗುವಿನಿಂದ ಪಾಠ ಹೇಳಿಸಿಕೊಳ್ಳುತ್ತಿರುವ
ಒಬ್ಬ ತಾತ