ಜೈತುನ್‌ಬಿಯ ಕೊನೆಯ ಬೆಸುಗೆ

ಗದಗ, ಫೆಬ್ರವರಿ ೩೦, ೨೧೮೭

ನಮಗಿಂತ ಮುಂಚೆ ಬದುಕಿದವರೇ,

ತಾರೀಖು ತಪ್ಪೆಂದುಕೊಳ್ಳಬೇಡಿ, ನಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಮಾತುಗಳೂ ನಿಮಗೆ ಹೊಸವೆನಿಸಬಹುದು, ಕ್ಷಮಿಸಿ. ನಾನು ಫಕೀರವ್ವ, ರೆಕ್ಕೆಗಾರ್ತಿ. ಅಂದರೆ ಗುಡ್ಡದ ಗಾಳಿಯಂತ್ರಗಳ ರೆಕ್ಕೆಯ ಮೇಲೆ ಹಗ್ಗಕ್ಕೆ ಜೋತುಬಿದ್ದು ಬಿರುಕು ಮುಚ್ಚುವವಳು.

ಹನ್ನೊಂದು ವರ್ಷ ಆ ಕೆಲಸ ಮಾಡಿದ ಮೇಲೆ ಸೊಂಟನೋವು ಶುರುವಾಯಿತು. ಬೆನ್ನು ನೋವಿಗೆ ಇಲ್ಲಿ ಯಾರೂ ಮೊದಲು ಆಸ್ಪತ್ರೆಗೆ ಹೋಗುವುದಿಲ್ಲ. ಓಣಿಗೊಂದು ಬೆನ್ನುಮನೆ ಇದೆ. ಬೆಳಗ್ಗೆ ಅಲ್ಲಿ ಮುದುಕರು, ಬಾಣಂತಿಯರು, ಹಮಾಲರು ಒಟ್ಟಿಗೆ ಬಗ್ಗುತ್ತಾರೆ, ಏಳುತ್ತಾರೆ, ಭಾರ ಎತ್ತುವುದನ್ನು ಹೊಸದಾಗಿ ಕಲಿಯುತ್ತಾರೆ, ನೋವಿನ ಭಯ ಬಿಡುತ್ತಾರೆ. ಆಮೇಲೆ ಅಂಬಲಿ ಕುಡಿದು ಕೆಲಸಕ್ಕೆ ಹೋಗುತ್ತಾರೆ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ನೋವು ಇಳಿಯುತ್ತದೆ. ನನ್ನ ಗಂಡ ಈರಪ್ಪನಿಗೂ ಹಾಗೇ ಇಳಿದಿತ್ತು.

ನನಗೆ ಇಳಿಯಲಿಲ್ಲ. ಎರಡು ವರ್ಷದ ನಂತರ ಒಂದು ದಿನ ಎಡಗಾಲಿನ ಚಪ್ಪಲಿ ದಾರಿಯಲ್ಲೇ ಉಳಿದದ್ದು ನನಗೆ ತಿಳಿಯಲಿಲ್ಲ. ಬೆನ್ನುಮನೆಯ ಗುರುಸಿದ್ದಯ್ಯ ಮಾಸ್ತರರು ಪಾದ ಎತ್ತೆಂದರು. ಅದು ಏಳಲಿಲ್ಲ.

“ಇದು ನನ್ನ ಪಾಠಕ್ಕ ಬಗ್ಗೂದಲ್ಲವ್ವಾ,” ಎಂದರು. “ಎಲುಬು ಜಾರಿ ನರ ಒತ್ತಾಕತ್ತೈತಿ. ಬೆಸುಗೀನ ಆಗಬೇಕು.”

ಬೆಸುಗೆಯೆಂದರೆ ಬೆನ್ನಿನ ಎರಡು ಎಲುಬುಗಳನ್ನು ಸ್ಕ್ರೂ ಹಾಕಿ ಒಂದಾಗಿಸುವ ಶಸ್ತ್ರಚಿಕಿತ್ಸೆ. ಒಂದು ಕಾಲಕ್ಕೆ ಬೇಡದವರಿಗೂ ಅದನ್ನು ಮಾಡಿದರೆಂಬ ಸಿಟ್ಟಿನಲ್ಲಿ ನಮ್ಮ ಹಿರಿಯರು ಕಲಿಸುವುದನ್ನೇ ನಿಲ್ಲಿಸಿದರು. ಈರಪ್ಪ ಬೆದರಿದ. “ಬೆನ್ನಿಗೆ ಮೊಳಿ ಹೊಡಿಸ್ಕೊತಿಯೇನ?” ಎಂದ.

ಬೆಸುಗೆ ಮಾಡಲು ಬರುತ್ತಿದ್ದುದು ಲಕ್ಷ್ಮೇಶ್ವರದ ಡಾಕ್ಟರ್ ಜೈತುನ್‌ಬಿ ಒಬ್ಬರಿಗೇ. ಆಗ ಅವರಿಗೆ ಎಪ್ಪತ್ತೊಂಬತ್ತು. ನನ್ನನ್ನು ನಿಲ್ಲಿಸಿ, ಬಗ್ಗಿಸಿ ಎಲುಬಿನ ಚಿತ್ರ ತೆಗೆಸಿದರು. ಎಲುಬು ಜಾರುವುದನ್ನು ಈರಪ್ಪನಿಗೂ ತೋರಿಸಿದರು.

“ನೋವು ಪೂರಾ ಹೋಗ್ತೈತಿ ಅಂತ ನಾ ಹೇಳಂಗಿಲ್ಲ,” ಎಂದರು. “ಕಾಲು ಉಳಿಸಾಕ ನೋಡ್ತೀನಿ.”

ಈರಪ್ಪ ಆ ಚಿತ್ರವನ್ನು ಇನ್ನೊಮ್ಮೆ ನೋಡಿ, “ಮಾಡ್ರಿ,” ಎಂದ.

ನಾಲ್ಕು ಸ್ಕ್ರೂ ಹಾಕಿದರು. ಎಲುಬು ಕೂಡಿಕೊಳ್ಳಲು ಎಂಟು ತಿಂಗಳು ಹಿಡಿಯಿತು. ಪಾದ ಮೊದಲಿನಂತಾಯಿತು. ಸೊಂಟದ ಆ ಜಾಗ ಬಗ್ಗುವುದಿಲ್ಲ, ಚಳಿಗಾಲದಲ್ಲಿ ಸ್ವಲ್ಪ ಹಿಡಿಯುತ್ತದೆ. ರೆಕ್ಕೆ ಏರುವುದನ್ನು ಬಿಟ್ಟು ಈಗ ಹೊಸಬರಿಗೆ ಹಗ್ಗ ಕಟ್ಟುವುದನ್ನು ಕಲಿಸುತ್ತೇನೆ.

ಜೈತುನ್‌ಬಿಯವರು ಮಾಡಿದ ಕೊನೆಯ ಬೆಸುಗೆ ನನ್ನದು. ಆಮೇಲೆ ಅವರ ಕೈ ನಡುಗತೊಡಗಿತು. ಶಿಷ್ಯರು ಯಾರೂ ಇರಲಿಲ್ಲ. ಹೋದ ವರ್ಷ ತೀರಿಕೊಂಡರು.

ಹಿಂದಿನವರೇ, ಯಾರ ಬೆನ್ನು ತಾನಾಗಿ ಸುಧಾರಿಸುತ್ತದೆ, ಯಾರದು ಇಲ್ಲ ಎಂದು ತಾಳ್ಮೆಯಿಂದ ನೋಡಿ. ಅವಸರಪಟ್ಟು ಯಾರನ್ನೂ ಕೊಯ್ಯಬೇಡಿ. ಆದರೆ ನಿಮ್ಮ ಕೈಗೆ ಗೊತ್ತಿರುವುದನ್ನು ಯಾರಿಗಾದರೂ ಕಲಿಸಿ ಹೋಗಿ. ಮೊನ್ನೆ ರೋಣಕ್ಕೆ ಹೋಗಿದ್ದೆ. ಅಲ್ಲಿ ಹೊನ್ನಪ್ಪನೆಂಬ ಬಡಿಗನಿಗೆ ನನ್ನದೇ ತೊಂದರೆ. ಎರಡೂ ಪಾದ ಸೋತಿವೆ. ನಾನು ನಡೆದು ಒಳಗೆ ಬಂದದ್ದನ್ನು ಹಾಸಿಗೆಯಿಂದಲೇ ನೋಡಿದ.

“ನಿನಗ ಮಾಡಿದ ಡಾಕ್ಟರು ಎಲ್ಲದಾರ?” ಎಂದು ಕೇಳಿದ.

ಅವನಿಗೆ ಏನು ಹೇಳಬೇಕೋ ತಿಳಿಯದೆ ನಿಮಗೆ ಬರೆಯುತ್ತಿದ್ದೇನೆ.

ಫಕೀರವ್ವ